ಮಂಡಿ, ಕಣಕಾಲು, ಪಾದ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಕಾಲಿನ ಕೀಲುಗಳ ಪೆಟ್ಟು ಮತ್ತು ವಕ್ರತೆಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ನಿಧಾನವಾಗಿ ವ್ಯಾಯಾಮ ಮಾಡಿ ಕಾಯಬಹುದಾದ ಕಡೆ ಜನ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆಗೆ ಅವಸರಪಡುತ್ತಾರೆ. ಒಂದು ವಾರವೂ ತಡಮಾಡಬಾರದ ಕಡೆ ಎಣ್ಣೆ, ಪಟ್ಟು, ಹರಕೆ ಎಂದು ತಿಂಗಳುಗಟ್ಟಲೆ ಕಳೆಯುತ್ತಾರೆ. ಈ ವ್ಯತ್ಯಾಸವನ್ನು ಗುರುತಿಸಲು ನೆರವಾಗುವಂತೆ ಉತ್ತರಗಳನ್ನು ಬರೆದಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಕಳೆದ ವಾರ ಬಸ್ಸಿನಿಂದ ಇಳಿಯುವಾಗ ಎಡಪಾದ ಒಳಮುಖವಾಗಿ ಹೊರಳಿತು. ಹೊರಗಿನ ಗಂಟಿನ ಸುತ್ತ ಊದಿಕೊಂಡು ನೀಲಿಗಟ್ಟಿದೆ. ಕುಂಟುತ್ತಾ ನಡೆಯಬಲ್ಲೆ. ಉಳುಕು ತೆಗೆಯುವವರ ಬಳಿ ಎಣ್ಣೆ ಹಾಕಿ ತಿಕ್ಕಿಸಿಕೊಂಡರೆ ಸಾಕು ಎಂದು ಅತ್ತೆಯವರು ಹೇಳುತ್ತಾರೆ. ಹೋದ ವರ್ಷವೂ ಇದೇ ಕಾಲು ಉಳುಕಿತ್ತು. ಎಕ್ಸ್‌-ರೇ ತೆಗೆಸಲೇಬೇಕೇ? – ಶಿಕ್ಷಕಿ, ಹಾಸನ

ಉತ್ತರ: ಊತ ಎಷ್ಟು ದೊಡ್ಡದಾಗಿದೆ ಎಂಬುದರಿಂದ ಮೂಳೆ ಮುರಿದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕೆನಡಾದ ಆಟವಾ ನಗರದ ತುರ್ತು ಚಿಕಿತ್ಸಾ ವೈದ್ಯರು 1992ರಲ್ಲಿ ಇದಕ್ಕೆ ಕೆಲವು ಸರಳ ನಿಯಮಗಳನ್ನು ರೂಪಿಸಿದರು, ಇಂದು ಜಗತ್ತಿನಾದ್ಯಂತ ಅವು ಬಳಕೆಯಲ್ಲಿವೆ. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ವೇಳೆಯಲ್ಲಿ, ಕುಂಟುತ್ತಲಾದರೂ ಸರಿ, 4 ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌-ರೇ ಬೇಕು. ಕಣಕಾಲಿನ ಒಳಗಿನ ಅಥವಾ ಹೊರಗಿನ ಗಂಟಿನ ತುದಿಯನ್ನಾಗಲಿ, ಅದರ ಹಿಂಬದಿಯ ಅಂಚಿನಲ್ಲಿ ಮೇಲಕ್ಕೆ ಸುಮಾರು 6 ಸೆಂಟಿಮೀಟರಿನವರೆಗಿನ ಮೂಳೆಯನ್ನಾಗಲಿ ಬೆರಳಿನಿಂದ ಒತ್ತಿದಾಗ ನೋವಾದರೂ ಬೇಕು. ಪಾದದ ಹೊರ ಅಂಚಿನ ಮಧ್ಯದಲ್ಲಿ ಕೈಗೆ ಸಿಗುವ ಉಬ್ಬಿದ ಮೂಳೆ ಅಥವಾ ಪಾದದ ಒಳಬದಿಯ ಕಮಾನಿನ ಮೇಲಿರುವ ಮೂಳೆ ಒತ್ತಿದರೆ ನೋಯುವಂತಿದ್ದರೂ ಬೇಕು. ಇವು ಯಾವುವೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ಬಹಳ ಕಡಿಮೆ. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಈ ನಿಯಮಗಳನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ಮೂಳೆ ಮುರಿದರೂ ಅವರಿಗೆ ನೋವು ತಿಳಿಯದಿರಬಹುದು.

ನೀವು ವಿವರಿಸಿದ ರೀತಿಯಲ್ಲಿ ಪಾದ ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಪೆಟ್ಟಾಗುವುದು ಹೊರಗಂಟಿನ ಮುಂಭಾಗದಿಂದ ಪಾದಕ್ಕೆ ಹೋಗುವ ಲಿಗಮೆಂಟಿಗೆ, ಅಂದರೆ ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಪಟ್ಟಿಗೆ. ಅದರ ಎಳೆಗಳು ಹಿಗ್ಗಿರುತ್ತವೆ ಅಥವಾ ಹರಿದಿರುತ್ತವೆ. ನೀಲಿ ಬಣ್ಣ ಅಲ್ಲಿ ಸೋರಿದ ರಕ್ತದ್ದು. ಹೀಗಿರುವಾಗ ಮೊದಲ ಎರಡು ಮೂರು ದಿನ ತಿಕ್ಕುವುದು, ಕಾಯಿಸುವುದು, ಎಳೆದು ‘ನೆಟಿಗೆ’ ತೆಗೆಯುವುದು ಇವೆಲ್ಲ ಹರಿದ ಎಳೆಗಳನ್ನು ಮತ್ತಷ್ಟು ಹರಿದು ರಕ್ತಸ್ರಾವ ಹೆಚ್ಚಿಸುತ್ತವೆ. ಅತ್ತೆಯವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಮುರಿದಿದೆಯೇ ಎಂದು ಖಚಿತವಾಗದ ಕಣಕಾಲನ್ನು ಯಾರ ಕೈಗೂ ತಿಕ್ಕಲು ಕೊಡಬೇಡಿ ಎಂದು ಅವರಿಗೆ ನನ್ನ ಪರವಾಗಿ ತಿಳಿಸಿ. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟು ಹಾಕುವ ಪದ್ಧತಿ ಇನ್ನೂ ಅಪಾಯಕಾರಿ. ಒಳಗಿನ ಊತಕ್ಕೆ ಹಿಗ್ಗಲು ಜಾಗವಿಲ್ಲದೆ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸಾಯತೊಡಗುತ್ತವೆ. ಕಟ್ಟು ಹಾಕಿದ ಮೇಲೆ ನೋವು ತೀವ್ರವಾಗುತ್ತಾ ಹೋದರೆ, ಬೆರಳುಗಳು ತಣ್ಣಗಾಗಿ ಜೋಮು ಹಿಡಿದರೆ, ಆ ಕಟ್ಟನ್ನು ಆ ಕ್ಷಣವೇ ಬಿಚ್ಚಿಸಿ ಆಸ್ಪತ್ರೆಗೆ ಹೋಗಬೇಕು.

ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸನ್ನು ಒಂದು ಸಲಕ್ಕೆ 15ರಿಂದ 20 ನಿಮಿಷ ಇಡಿ, ಮಲಗುವಾಗ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಡಿ, ಕ್ರೇಪ್ ಬ್ಯಾಂಡೇಜ್ ಅಥವಾ ಕಣಕಾಲಿನ ಎರಡೂ ಬದಿ ಹಿಡಿದು ನಿಲ್ಲಿಸುವ ಬ್ರೇಸ್ ಬಳಸಿ. ನಿಮಗೆ ಈಗಾಗಲೇ ಒಂದು ವಾರ ಕಳೆದಿರುವುದರಿಂದ ಬ್ರೇಸ್ ಹಾಕಿಕೊಂಡು, ನೋವು ತಡೆಯುವಷ್ಟು ನಡೆಯಲು ಪ್ರಾರಂಭಿಸಬಹುದು. ವಾರಗಟ್ಟಲೆ ಪ್ಲಾಸ್ಟರ್ ಹಾಕಿ ಕೂರಿಸುವುದಕ್ಕಿಂತ ಹೀಗೆ ಬೇಗ ಚಲನೆ ಆರಂಭಿಸುವುದೇ ಸಾಮಾನ್ಯ ಉಳುಕಿನಲ್ಲಿ ಒಳ್ಳೆಯ ಫಲ ಕೊಡುತ್ತದೆ. ಸಣ್ಣ ಉಳುಕು ಒಂದೆರಡು ವಾರದಲ್ಲಿ, ಲಿಗಮೆಂಟ್ ಪೂರ್ತಿ ಹರಿದದ್ದು 3 ತಿಂಗಳ ಹೊತ್ತಿಗೆ ಸರಿಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಹೋದ ವರ್ಷವೂ ಇದೇ ಕಾಲು ಉಳುಕಿತ್ತು ಎಂಬ ವಾಕ್ಯ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದಕ್ಕೆ ಲಿಗಮೆಂಟಿನ ಸಡಿಲಿಕೆಯಷ್ಟೇ ಕಾರಣವಲ್ಲ. ಪಾದ ಯಾವ ಕೋನದಲ್ಲಿದೆ ಎಂಬ ಸೂಚನೆಯನ್ನು ಮಿದುಳಿಗೆ ಮುಟ್ಟಿಸುವ ನರತುದಿಗಳೂ ಅದೇ ಲಿಗಮೆಂಟಿನಲ್ಲಿದ್ದು, ಅವೂ ಪೆಟ್ಟು ತಿಂದಿರುತ್ತವೆ. ನೋವು ಹೋದ ಕೂಡಲೇ ಚಿಕಿತ್ಸೆ ನಿಲ್ಲಿಸಿದರೆ ಈ ಅರಿವು ಮರಳುವುದಿಲ್ಲ. ಗೋಡೆಯ ಪಕ್ಕ ಒಂಟಿಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದು, ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಆಮೇಲೆ ದಿಂಬಿನ ಮೇಲೆ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು ಇವನ್ನು ದಿನಕ್ಕೆರಡು ಬಾರಿ ಕನಿಷ್ಠ 6 ವಾರ ಮಾಡಿ. ಹೋದ ವರ್ಷ ನಿಮಗೆ ಇದನ್ನು ಯಾರೂ ಹೇಳಿಕೊಡಲಿಲ್ಲ ಎಂದು ಕಾಣುತ್ತದೆ. ಇಷ್ಟು ಮಾಡಿಯೂ 3 ತಿಂಗಳ ನಂತರ ಸಮತಟ್ಟು ನೆಲದಲ್ಲೇ ಕಾಲು ಹೊರಳುತ್ತಿದ್ದರೆ ಆಗ ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆಯ ವಿಚಾರ ಮಾಡಬೇಕಾಗುತ್ತದೆ.

ಪ್ರಶ್ನೆ: ನನಗೆ 22 ವರ್ಷ. ಜಿಲ್ಲಾ ಮಟ್ಟದ ಕಬಡ್ಡಿಯಲ್ಲಿ ರೈಡರ್. ಎರಡು ತಿಂಗಳ ಹಿಂದೆ ಕಣಕಾಲು ಹಿಡಿದಾಗ ತಪ್ಪಿಸಿಕೊಳ್ಳಲು ತಿರುಗಿದೆ, ಮಂಡಿಯೊಳಗೆ ‘ಟಪ್’ ಎಂದಿತು. ಒಂದೆರಡು ಗಂಟೆಯಲ್ಲೇ ಮಂಡಿ ಊದಿತು. ಈಗ ನೋವಿಲ್ಲ, ಓಡುವಾಗ ಮಂಡಿ ಜಾರಿದಂತಾಗುತ್ತದೆ. ಎಸಿಎಲ್ ಹರಿದಿದೆ ಎಂದಿದ್ದಾರೆ. ಮುಂದಿನ ಟೂರ್ನಿಗೆ ಮೊದಲು ಆಪರೇಷನ್ ಮಾಡಿಸಿಕೊಂಡು ಆಡಬಹುದೇ? – ಆಟಗಾರ, ಮಂಡ್ಯ

ಉತ್ತರ: ಪಾದ ನೆಲಕ್ಕೆ ಅಥವಾ ಎದುರಾಳಿಯ ಕೈಗೆ ಸಿಕ್ಕಿರುವಾಗ ದೇಹ ತಿರುಗಿದರೆ ಆ ತಿರುಚುವ ಬಲವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿಯ ನಡುವೆ ಅಡ್ಡಲಾಗಿ ಹಾದುಹೋಗುವ ಎರಡು ಲಿಗಮೆಂಟುಗಳಲ್ಲಿ ಮುಂದಿನದು ಎಸಿಎಲ್. ಮೊಳಕಾಲ ಮೂಳೆ (ಮಂಡಿಯ ಕೆಳಗಿನ ಉದ್ದ ಮೂಳೆ) ಮುಂದಕ್ಕೆ ಜಾರದಂತೆ ಮತ್ತು ಮಂಡಿ ತಿರುಚದಂತೆ ಅದು ತಡೆಯುತ್ತದೆ. ‘ಟಪ್’ ಸದ್ದು, ಕೆಲವೇ ಗಂಟೆಗಳಲ್ಲಿ ರಕ್ತ ತುಂಬಿ ಬಂದ ಊತ, ನೋವು ಹೋದ ಮೇಲೂ ಉಳಿದ ಜಾರುವಿಕೆ – ನೀವು ಬರೆದ ಮೂರೂ ಎಸಿಎಲ್ ಹರಿದದ್ದರ ಲಕ್ಷಣಗಳೇ. ಮಂಡಿಯನ್ನು ಸ್ವಲ್ಪ ಮಡಚಿ ಕೈಯಿಂದ ಎಳೆದು ನೋಡುವ ಪರೀಕ್ಷೆಯಲ್ಲೇ ಅನುಭವವುಳ್ಳ ವೈದ್ಯರಿಗೆ ಇದು ಗೊತ್ತಾಗುತ್ತದೆ. ಎಂಆರ್‌ಐ ಮುಖ್ಯವಾಗಿ ಜೊತೆಯಲ್ಲಿ ಮೆನಿಸ್ಕಸ್ ಹರಿದಿದೆಯೇ ಎಂದು ತಿಳಿಯಲು ಬೇಕು. ಮೆನಿಸ್ಕಸ್ ಎಂದರೆ ಮಂಡಿಯ ಎರಡು ಮೂಳೆಗಳ ನಡುವೆ ಭಾರ ಹಂಚುವ, ಅರ್ಧಚಂದ್ರಾಕಾರದ ಮೃದ್ವಸ್ಥಿ.

ಎಸಿಎಲ್ ಹರಿದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ. ಸ್ವೀಡನ್ನಿನಲ್ಲಿ 121 ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದು ಅಗತ್ಯವಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಗೆ ಹೋದವರಿಗೂ ಎರಡು ವರ್ಷಗಳ ನಂತರ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಅವಧಿಯಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಲೇ ಇಲ್ಲ. ಆದರೆ ವೃತ್ತಿಪರ ಆಟಗಾರರು ಆ ಅಧ್ಯಯನದಲ್ಲಿರಲಿಲ್ಲ. ಕಚೇರಿಯಲ್ಲಿ ಕೆಲಸ ಮಾಡುವವರಿಗೆ, ನೇರವಾಗಿ ನಡೆಯುವ, ಸೈಕಲ್ ತುಳಿಯುವ, ಈಜುವವರಿಗೆ ನಾನು ಮೊದಲು ವ್ಯಾಯಾಮವನ್ನೇ ಹೇಳುತ್ತೇನೆ. ದಿಢೀರನೆ ನಿಂತು ತಿರುಗಬೇಕಾದ ಕಬಡ್ಡಿಗೆ ಮರಳಲೇಬೇಕೆನ್ನುವ, ಮಂಡಿ ಜಾರುತ್ತಿರುವ ನಿಮ್ಮಂಥವರಿಗೆ ಲಿಗಮೆಂಟನ್ನು ಹೊಸದಾಗಿ ರಚಿಸುವ ಶಸ್ತ್ರಚಿಕಿತ್ಸೆ ಸೂಕ್ತ. ಮಂಡಿ ಜಾರಿದಾಗಲೆಲ್ಲ ಮೆನಿಸ್ಕಸ್ ಜಜ್ಜಿಹೋಗುವ ಅಪಾಯವಿರುವುದರಿಂದ ಅಲ್ಲಿಯವರೆಗೆ ಅಂಕಣಕ್ಕೆ ಇಳಿಯಬೇಡಿ.

ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನಿಂದ ಒಂದು ಪಟ್ಟಿಯನ್ನು ತೆಗೆದು, ಮೂಳೆಗಳಲ್ಲಿ ಕೊರೆದ ಸುರಂಗಗಳ ಮೂಲಕ ಅದನ್ನು ಹಾಯಿಸಿ ಕೂರಿಸುತ್ತಾರೆ. ಹಾಗೆ ಕೂರಿಸಿದ ಪಟ್ಟಿಗೆ ಮೊದಲು ರಕ್ತಸಂಚಾರವೇ ಇರುವುದಿಲ್ಲ. ಮೊದಲ ಕೆಲವು ತಿಂಗಳು ಅದು ದುರ್ಬಲವಾಗುತ್ತಾ ಹೋಗಿ, ಆಮೇಲೆ ಹೊಸ ರಕ್ತನಾಳಗಳು ಬೆಳೆದು ಗಟ್ಟಿಯಾಗುತ್ತದೆ. ಹೊರಗಿನ ಗಾಯ ಒಣಗಿ, ನೋವು ಮರೆತು, ಆಟಗಾರನಿಗೆ ‘ನಾನು ಸಿದ್ಧ’ ಎನಿಸುವ ಹೊತ್ತಿಗೆ ಒಳಗೆ ಅದು ಸಿದ್ಧವಾಗಿರುವುದಿಲ್ಲ. 9 ತಿಂಗಳಿಗೆ ಮೊದಲೇ ಆಟಕ್ಕೆ ಮರಳಿದವರಲ್ಲಿ ಮತ್ತೆ ಹರಿಯುವ ಪ್ರಮಾಣ ಗಣನೀಯವಾಗಿ ಹೆಚ್ಚು. ಆದ್ದರಿಂದ ಮುಂದಿನ ಟೂರ್ನಿಯನ್ನು ಬಿಟ್ಟುಬಿಡಿ. ಒಂದು ಋತುವನ್ನು ಉಳಿಸಿಕೊಳ್ಳಲು ಹೋಗಿ ಮಂಡಿಯನ್ನೇ ಕಳೆದುಕೊಂಡವರನ್ನು ನೋಡಿದ ನೋವಿನಿಂದ ಇದನ್ನು ಹೇಳುತ್ತಿದ್ದೇನೆ. ಶಸ್ತ್ರಚಿಕಿತ್ಸೆಗೆ ಮೊದಲು ಮಂಡಿ ಪೂರ್ತಿ ನೇರವಾಗಬೇಕು, ತೊಡೆಯ ಮುಂಭಾಗದ ಸ್ನಾಯು ಬಲಗೊಳ್ಳಬೇಕು. ಆಟಕ್ಕೆ ಮರಳುವ ಮೊದಲು ಆ ಸ್ನಾಯುವಿನ ಬಲ ಇನ್ನೊಂದು ಕಾಲಿನ ಬಲದ ಶೇಕಡ 90ರಷ್ಟಾದರೂ ಇರಬೇಕು. ಇದನ್ನು ಅಳೆದು ನೋಡುವ ಫಿಸಿಯೋಥೆರಪಿಸ್ಟ್ ಶಸ್ತ್ರವೈದ್ಯರಷ್ಟೇ ಮುಖ್ಯ.

ಇನ್ನೊಂದು ಎಚ್ಚರಿಕೆ: ಮಂಡಿ ಮಡಚಿದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ, ಹರಿದ ಮೆನಿಸ್ಕಸ್ ಕೀಲಿನ ನಡುವೆ ಮಡಚಿಕೊಂಡಿರಬಹುದು. ಅದನ್ನು ಬೇಗ ಹೊಲಿದರೆ ಉಳಿಸಿಕೊಳ್ಳಬಹುದು, ತಡವಾದರೆ ಕತ್ತರಿಸಿ ತೆಗೆಯಬೇಕಾಗುತ್ತದೆ.

ಪ್ರಶ್ನೆ: ಬ್ಯಾಡ್ಮಿಂಟನ್ ಆಡುವಾಗ ಯಾರೋ ಹಿಂದಿನಿಂದ ಒದ್ದಂತಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಹಿಮ್ಮಡಿಯ ಮೇಲೆ ಗುಳಿ ಬಿದ್ದಂತಿದೆ. ನಡೆಯಬಲ್ಲೆ, ತುದಿಗಾಲಿನಲ್ಲಿ ನಿಲ್ಲಲಾರೆ. ವಯಸ್ಸು 41. – ಓದುಗರು, ಬೆಂಗಳೂರು

ಉತ್ತರ: ಈ ಪತ್ರಕ್ಕೆ ಸಂಚಿಕೆಗಾಗಿ ಕಾಯದೆ ಮೊದಲೇ ಉತ್ತರ ಕಳುಹಿಸಿದ್ದೇನೆ; ಇತರರಿಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಮೀನಖಂಡದ ಸ್ನಾಯುವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು ಹರಿದಾಗ ರೋಗಿಗಳು ಹೇಳುವ ಮಾತು ಬಹುತೇಕ ಇದೇ. ಬೋರಲು ಮಲಗಿ ಪಾದವನ್ನು ಮಂಚದ ಅಂಚಿನಿಂದ ಹೊರಗಿಟ್ಟು, ಇನ್ನೊಬ್ಬರು ಮೀನಖಂಡವನ್ನು ಹಿಂಡಿದರೆ ಪಾದ ತುದಿಗಾಲಿನಲ್ಲಿ ನಿಂತಾಗ ಚಾಚುವ ದಿಕ್ಕಿಗೆ ಅಲುಗಬೇಕು. ಅಲುಗದಿದ್ದರೆ ಹರಿದಿದೆ ಎಂದೇ ತಿಳಿಯಬೇಕು. ನಡೆಯಲು ಆಗುತ್ತದೆ ಎಂಬ ಕಾರಣಕ್ಕೆ ಇದನ್ನು ಉಳುಕು ಎಂದು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಮೊದಲ ಕೆಲವು ದಿನಗಳಲ್ಲೇ ಬಂದರೆ ಪಾದವನ್ನು ಕೆಳಮುಖವಾಗಿಟ್ಟು ಪ್ಲಾಸ್ಟರ್ ಅಥವಾ ವಿಶೇಷ ಬೂಟು ಹಾಕಿ, ಹಂತಹಂತವಾಗಿ ವ್ಯಾಯಾಮ ಕೊಟ್ಟು, ಶಸ್ತ್ರಚಿಕಿತ್ಸೆಯಿಲ್ಲದೆಯೂ ಅನೇಕರಿಗೆ ಗುಣವಾಗುತ್ತದೆ. ತಿಂಗಳು ಕಳೆದು ಬಂದರೆ ತುದಿಗಳು ದೂರ ಸರಿದಿರುವುದರಿಂದ ದೊಡ್ಡ ಶಸ್ತ್ರಚಿಕಿತ್ಸೆಯೇ ಗತಿ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು, ಅದರಲ್ಲೂ ಸ್ಟೀರಾಯ್ಡ್ ಜೊತೆ ಸೇರಿದಾಗ, ಈ ರಜ್ಜುವನ್ನು ದುರ್ಬಲಗೊಳಿಸಬಲ್ಲವು. ಇತ್ತೀಚೆಗೆ ಅಂಥ ಮಾತ್ರೆ ತೆಗೆದುಕೊಂಡಿದ್ದರೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನನಗೆ 58 ವರ್ಷ, ತೂಕ 76 ಕಿಲೋ. ಎರಡು ವರ್ಷದಿಂದ ಬಲಮಂಡಿ ನೋವು. ಕುಕ್ಕರಗಾಲಿನಲ್ಲಿ ಕೂರಲು, ಮೆಟ್ಟಿಲು ಇಳಿಯಲು ಕಷ್ಟ. ಎಂಆರ್‌ಐಯಲ್ಲಿ ಮೆನಿಸ್ಕಸ್ ಹರಿದಿದೆ, ಸವೆತವೂ ಇದೆ ಎಂದು ಬಂದಿದೆ. ರಂಧ್ರ ಶಸ್ತ್ರಚಿಕಿತ್ಸೆಯಲ್ಲಿ ‘ಸ್ವಚ್ಛ’ ಮಾಡಿಸಿ ಎಂದು ಒಬ್ಬರು, ಮಂಡಿ ಬದಲಿಸಿ ಎಂದು ಇನ್ನೊಬ್ಬರು ಹೇಳಿದ್ದಾರೆ. ಪರಿಚಿತರೊಬ್ಬರು ತಂದುಕೊಟ್ಟ ಪುಡಿಯಿಂದ ಮಾತ್ರ ತುಂಬಾ ಆರಾಮ ಸಿಕ್ಕಿದೆ. – ಗೃಹಿಣಿ, ಧಾರವಾಡ

ಉತ್ತರ: ಮೊದಲು ಆ ಪುಡಿಯ ವಿಷಯ. ಹೆಸರು, ಘಟಕಾಂಶಗಳ ಪಟ್ಟಿ ಯಾವುದೂ ಇಲ್ಲದ, ಎರಡೇ ದಿನದಲ್ಲಿ ಮಾಯವೆಂಬಂತೆ ನೋವು ಕಳೆಯುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಮತ್ತೆಮತ್ತೆ ಪತ್ತೆಯಾಗಿದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ಆದರೆ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರಬಹುದಾದ್ದರಿಂದ ಪುಡಿಯನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಈ ವಾರವೇ ಹೋಗಿ.

ಇನ್ನು ಎಂಆರ್‌ಐ. ಐವತ್ತು ದಾಟಿದವರಲ್ಲಿ, ಮಂಡಿನೋವೇ ಇಲ್ಲದವರಲ್ಲಿಯೂ, ಮೆನಿಸ್ಕಸ್ ಹರಿದಿರುವುದು ಬಹಳ ಸಾಮಾನ್ಯ. ಚಿತ್ರದಲ್ಲಿ ಕಂಡದ್ದೇ ನೋವಿಗೆ ಕಾರಣ ಎಂದು ಹೇಳಲಾಗುವುದಿಲ್ಲ. ಫಿನ್‌ಲೆಂಡಿನಲ್ಲಿ ಪೆಟ್ಟಿನಿಂದಲ್ಲದೆ ಮೆನಿಸ್ಕಸ್ ತಾನೇ ಸವೆದು ಹರಿದಿದ್ದ 146 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ರಂಧ್ರ ಶಸ್ತ್ರಚಿಕಿತ್ಸೆ, ಉಳಿದವರಿಗೆ ಒಳಗೆ ನೋಡಿ ಏನನ್ನೂ ಕತ್ತರಿಸದೆ ಮುಗಿಸಿದ ತೋರಿಕೆಯ ಶಸ್ತ್ರಚಿಕಿತ್ಸೆ ಮಾಡಿದರು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿದಿರಲಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ವರ್ಷದ ನಂತರ ಎರಡು ಗುಂಪುಗಳ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಅವರಿಗೆ ಕೀಲಿನ ಸವೆತವೂ ಇರಲಿಲ್ಲ. ಸವೆತವಿರುವ ನಿಮ್ಮಂಥವರಿಗೆ ‘ಸ್ವಚ್ಛ’ ಮಾಡುವುದರಿಂದ ಪ್ರಯೋಜನ ಇನ್ನೂ ಕಡಿಮೆ. ಮಂಡಿ ಸಿಕ್ಕಿಹಾಕಿಕೊಳ್ಳದೆ ಇದ್ದರೆ ಆ ಶಸ್ತ್ರಚಿಕಿತ್ಸೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಿಮಗೆ ಬೇಕಾದ ಔಷಧಿ ತೊಡೆಯ ಸ್ನಾಯುವಿನಲ್ಲಿದೆ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ 10 ಎಣಿಸುವವರೆಗೆ ಹಿಡಿದು ಇಳಿಸುವುದು, ಮಲಗಿ ನೇರಕಾಲನ್ನು ಒಂದು ಅಡಿ ಎತ್ತುವುದು, ಕೈಯ ಆಸರೆಯಿಲ್ಲದೆ ಎತ್ತರದ ಕುರ್ಚಿಯಿಂದ ಏಳುವುದು, ಸಮತಟ್ಟು ನೆಲದಲ್ಲಿ ನಡೆಯುವುದು – ಇವನ್ನು 3 ತಿಂಗಳು ತಪ್ಪದೆ ಮಾಡಿ ನೋಡಿ. ಆರಂಭದ ವಾರಗಳಲ್ಲಿ ನೋವು ಸ್ವಲ್ಪ ಹೆಚ್ಚಿದರೆ ಹೆದರಬೇಡಿ, ಅದರಿಂದ ಸವೆತ ಹೆಚ್ಚುವುದಿಲ್ಲ. ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. 5 ಕಿಲೋ ಇಳಿಸಿದರೂ ನಿಮಗೇ ವ್ಯತ್ಯಾಸ ಗೊತ್ತಾಗುತ್ತದೆ. ನೆಲದ ಮೇಲೆ ಕೂತು ತರಕಾರಿ ಹೆಚ್ಚುವ, ಬಟ್ಟೆ ಒಗೆಯುವ ಕೆಲಸಗಳನ್ನು ಎತ್ತರಕ್ಕೆ ಏರಿಸಿಕೊಳ್ಳಿ, ಶೌಚಾಲಯಕ್ಕೆ ಕಮೋಡ್ ಹಾಕಿಸಿ, ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ, ಅಂದರೆ ಎಡಗೈಯಲ್ಲಿ ಹಿಡಿಯಿರಿ. ನೋವಿನ ದಿನಗಳಲ್ಲಿ ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ನುಂಗುವ ಮಾತ್ರೆಗಿಂತ ಸುರಕ್ಷಿತ; ನೋವಿನ ಮಾತ್ರೆಗಳ ದೀರ್ಘ ಬಳಕೆಯಿಂದ ಮೂತ್ರಪಿಂಡ ಕೆಡಬಹುದು.

ಇಷ್ಟರ ಮೇಲೂ ರಾತ್ರಿ ನಿದ್ರೆ ಬಾರದಷ್ಟು ನೋವಿದ್ದು, ಮನೆಯ ಸುತ್ತ ನಡೆಯುವುದೂ ಕಷ್ಟವಾದರೆ ಮಂಡಿ ಬದಲಿ ಶಸ್ತ್ರಚಿಕಿತ್ಸೆ ನಿಜಕ್ಕೂ ಒಳ್ಳೆಯದು. ಆ ನಿರ್ಧಾರ ನಿಮ್ಮ ದಿನನಿತ್ಯದ ಕಷ್ಟದ ಮೇಲೆ ನಿಲ್ಲಬೇಕೇ ಹೊರತು ಎಕ್ಸ್‌-ರೇ ಮೇಲಲ್ಲ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿ ಮಿತಿ ಹಾಕಿತು. ಆಸ್ಪತ್ರೆಯ ಬಿಲ್ಲಿನಲ್ಲಿ ಅದರ ಬೆಲೆಯನ್ನು ಬೇರೆಯಾಗಿ ತೋರಿಸುವಂತೆ ಕೇಳಿ.

ಪ್ರಶ್ನೆ: ಫುಟ್‌ಬಾಲ್ ಆಡುವ ನನ್ನ 13 ವರ್ಷದ ಮಗನ ಮಂಡಿಯ ಕೆಳಗೆ ಮೂಳೆ ಉಬ್ಬಿ ನೋಯುತ್ತಿದೆ. ಗಡ್ಡೆಯೇ? – ತಂದೆ, ಬೆಳಗಾವಿ

ಉತ್ತರ: ಬಹುಮಟ್ಟಿಗೆ ಅಲ್ಲ. ಮಂಡಿಚಿಪ್ಪಿನ ರಜ್ಜು ಮೊಳಕಾಲ ಮೂಳೆಗೆ ಅಂಟುವ ಜಾಗ ಈ ವಯಸ್ಸಿನಲ್ಲಿ ಇನ್ನೂ ಮೃದುವಾಗಿರುತ್ತದೆ, ಜಿಗಿತ ಮತ್ತು ಓಟದ ಎಳೆತಕ್ಕೆ ಅಲ್ಲಿ ಉಬ್ಬುತ್ತದೆ. 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರಿನಿಂದ ಆಸ್‌ಗುಡ್-ಶ್ಲಾಟರ್ ತೊಂದರೆ ಎನ್ನುತ್ತಾರೆ. ಬೆಳವಣಿಗೆ ನಿಂತಾಗ ನೋವು ತಾನಾಗಿ ಹೋಗುತ್ತದೆ, ಉಬ್ಬು ಮಾತ್ರ ಉಳಿಯಬಹುದು. ಆಟ ಪೂರ್ತಿ ಬಿಡಿಸಬೇಕಿಲ್ಲ. ನೋವಿಗೆ ತಕ್ಕಂತೆ ಕಡಿಮೆ ಮಾಡಿ, ತೊಡೆಯ ಸ್ನಾಯು ಸಡಿಲಿಸುವ ವ್ಯಾಯಾಮ ಮಾಡಿಸಿ. ರಾತ್ರಿ ಎಚ್ಚರವಾಗುವಷ್ಟು ನೋವು, ಜ್ವರ, ತೂಕ ಇಳಿತ, ದಿನೇ ದಿನೇ ಬೆಳೆಯುವ ಊತ ಇದ್ದರೆ ಮಾತ್ರ ಕೂಡಲೇ ಎಕ್ಸ್‌-ರೇ ತೆಗೆಸಿ. ಮಂಡಿಯಲ್ಲಿ ಏನೂ ಕಾಣದೆ ಮಗು ಕುಂಟುತ್ತಿದ್ದರೆ ಸೊಂಟದ ಕೀಲನ್ನೂ ಪರೀಕ್ಷಿಸಬೇಕು, ಏಕೆಂದರೆ ಅಲ್ಲಿನ ತೊಂದರೆ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುವುದುಂಟು.

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ನಿಂತರೆ ಮಂಡಿಗಳು ಒಂದಕ್ಕೊಂದು ತಾಗಿ, ಪಾದಗಳು ದೂರ ಇರುತ್ತವೆ. ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿದೆ. ಹಲ್ಲುಗಳ ಮೇಲೆ ಕಂದು ಗೆರೆಗಳೂ ಇವೆ. ಕೊಳವೆಬಾವಿ ನೀರನ್ನು ಕಾಯಿಸಿ ಆರಿಸಿ ಕೊಡುತ್ತೇವೆ. ಅವಳ ತಮ್ಮನಿಗೆ 3 ವರ್ಷ, ಅವನಿಗೂ ಮಂಡಿ ತಾಗುತ್ತದೆ. – ತಾಯಿ, ಪಾವಗಡ

ಉತ್ತರ: ತಮ್ಮನ ಬಗ್ಗೆ ಮೊದಲು ಸಮಾಧಾನ ಹೇಳುತ್ತೇನೆ. ಮಕ್ಕಳ ಕಾಲು ಹುಟ್ಟುವಾಗ ಬಿಲ್ಲಿನಂತೆ ಹೊರಕ್ಕೆ ಬಾಗಿರುತ್ತದೆ, ಎರಡು ವರ್ಷದ ಹೊತ್ತಿಗೆ ನೇರವಾಗುತ್ತದೆ, 3ರಿಂದ 4 ವರ್ಷದಲ್ಲಿ ಮಂಡಿಗಳು ತಾಗುವಷ್ಟು ಒಳಕ್ಕೆ ಬಾಗುತ್ತದೆ, 7 ವರ್ಷದ ಹೊತ್ತಿಗೆ ದೊಡ್ಡವರ ಕಾಲಿನಂತಾಗುತ್ತದೆ. ಎರಡೂ ಕಾಲು ಒಂದೇ ಸಮನಾಗಿದ್ದರೆ ಈ ವಯಸ್ಸಿನಲ್ಲಿ ಬೂಟು, ಪಟ್ಟಿ, ಎಣ್ಣೆ ತಿಕ್ಕುವಿಕೆ ಯಾವುದೂ ಬೇಕಿಲ್ಲ. ಆದರೂ ಅಕ್ಕನಿಗೆ ತೊಂದರೆ ಇರುವುದರಿಂದ, ನೀರೂ ಊಟವೂ ಒಂದೇ ಆಗಿರುವುದರಿಂದ, ಅವನನ್ನೂ ಒಮ್ಮೆ ತೋರಿಸಿ.

ಮಗಳ ವಿಷಯ ಬೇರೆ. 7 ದಾಟಿದ ಮೇಲೂ ಹೆಚ್ಚುತ್ತಿರುವುದು, ಮಂಡಿ ತಾಗಿಸಿ ನಿಂತಾಗ ಒಳಗಂಟುಗಳ ನಡುವಿನ ಅಂತರ 8 ಸೆಂಟಿಮೀಟರಿಗಿಂತ ಹೆಚ್ಚಿರುವುದು, ಒಂದೇ ಕಾಲು ಬಾಗಿರುವುದು, ವಯಸ್ಸಿಗಿಂತ ಕುಳ್ಳಾಗಿರುವುದು – ಇವುಗಳಲ್ಲಿ ಯಾವುದಿದ್ದರೂ ಕಾರಣ ಹುಡುಕಲೇಬೇಕು. ಮೊದಲು ಪರಿಗಣಿಸಬೇಕಾದದ್ದು ರಿಕೆಟ್ಸ್, ಅಂದರೆ ವಿಟಮಿನ್ ಡಿ ಅಥವಾ ಸುಣ್ಣದಂಶ ಸಾಲದೆ ಬೆಳೆಯುವ ಮೂಳೆ ಗಟ್ಟಿಯಾಗದಿರುವುದು. ಮಣಿಕಟ್ಟು ಮತ್ತು ಮಂಡಿಯ ಎಕ್ಸ್‌-ರೇ, ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ಪರೀಕ್ಷೆಗಳಿಂದ ಇದು ತಿಳಿಯುತ್ತದೆ. ಸರಿಯಾದ ಪ್ರಮಾಣದ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟರೆ ಮೂಳೆ ಗಟ್ಟಿಯಾಗಿ, ಚಿಕ್ಕ ಮಕ್ಕಳಲ್ಲಿ ಬಾಗುವಿಕೆಯೂ ಬಹುಪಾಲು ತಾನಾಗಿ ಕಡಿಮೆಯಾಗುತ್ತದೆ.

ಆದರೆ ನೀವು ಪಾವಗಡದವರು, ಮತ್ತು ಹಲ್ಲಿನ ಕಂದು ಗೆರೆಗಳ ಬಗ್ಗೆ ಬರೆದಿದ್ದೀರಿ. ನಿಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕ. ಆಂಧ್ರದ, ಈಗಿನ ತೆಲಂಗಾಣದ, ನಲ್ಗೊಂಡ ಜಿಲ್ಲೆಯಲ್ಲಿ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯುವ ಊರುಗಳ ಹದಿಹರೆಯದವರಲ್ಲಿ ಮಂಡಿ ತಾಗುವ ತೀವ್ರ ವಕ್ರತೆಯನ್ನು ಹೈದರಾಬಾದಿನ ವಿಜ್ಞಾನಿಗಳು 1973ರಲ್ಲೇ ವರದಿ ಮಾಡಿದ್ದರು. ಆಹಾರದಲ್ಲಿ ಸುಣ್ಣದಂಶ ಕಡಿಮೆಯಿರುವ ಮಕ್ಕಳಿಗೆ ಫ್ಲೋರೈಡ್ ಮಾಡುವ ಹಾನಿ ಹೆಚ್ಚು. ಎರಡೂ ಒಟ್ಟಿಗೆ ಸೇರಿದರೆ ಮೂಳೆ ಬಾಗುತ್ತದೆ.

ನೀರನ್ನು ಕಾಯಿಸುವುದರಿಂದ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಹೋಗುವುದಿಲ್ಲ. ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಆರ್‌ಒ ಪೊರೆ ಇದ್ದರೆ ಅದು ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ತೆಗೆಯುವುದಿಲ್ಲ. ಆದ್ದರಿಂದ ಘಟಕದಿಂದ ಹೊರಬರುವ ನೀರನ್ನೇ ಪರೀಕ್ಷೆ ಮಾಡಿಸಿ ವರದಿ ತೋರಿಸಬೇಕೆಂದು ಪಂಚಾಯಿತಿಯಲ್ಲಿ ಕೇಳಿ. ಅದು ನಿಮ್ಮ ಹಕ್ಕು. ಕುಡಿಯಲು ಮಾತ್ರವಲ್ಲ, ಅನ್ನ ಸಾರು ಮಾಡಲೂ ಅದೇ ನೀರು ಬಳಸಿ. ಚಾವಣಿಯಿಂದ ಶುಚಿಯಾಗಿ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಹಾಲು, ಮೊಸರು, ನುಗ್ಗೆಸೊಪ್ಪು ಮಗಳ ದಿನದ ಊಟದಲ್ಲಿರಲಿ.

ಬಾಗುವಿಕೆಯನ್ನು ತಿದ್ದುವ ಕೆಲಸಕ್ಕೆ ಅವಳ ವಯಸ್ಸು ಅನುಕೂಲಕರವಾಗಿದೆ. ಮಂಡಿಯ ಒಳಬದಿಯಲ್ಲಿ ಮೂಳೆ ಬೆಳೆಯುವ ಪದರಕ್ಕೆ ಒಂದು ಸಣ್ಣ ಲೋಹದ ತಟ್ಟೆಯನ್ನು ಎರಡು ತಿರುಪುಗಳಿಂದ ಕೂರಿಸಿದರೆ ಆ ಬದಿಯ ಬೆಳವಣಿಗೆ ತಡೆಯುತ್ತದೆ, ಹೊರಬದಿ ಬೆಳೆಯುತ್ತಾ ಕಾಲು ವರ್ಷ ಒಂದೂವರೆ ವರ್ಷದಲ್ಲಿ ನೇರವಾಗುತ್ತದೆ. ನೇರವಾದ ಮೇಲೆ ತಟ್ಟೆಯನ್ನು ತೆಗೆಯುತ್ತಾರೆ. ಬೆಳವಣಿಗೆ ಮುಗಿದ ಮೇಲೆ ಬಂದರೆ ಮೂಳೆಯನ್ನು ಕತ್ತರಿಸಿ ಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆಯೊಂದೇ ದಾರಿ. ರಿಕೆಟ್ಸ್ ಇದ್ದರೆ ಅದನ್ನು ಮೊದಲು ಗುಣಪಡಿಸಿಯೇ ತಟ್ಟೆ ಹಾಕಬೇಕು, ಇಲ್ಲವಾದರೆ ಬಾಗುವಿಕೆ ಮರುಕಳಿಸುತ್ತದೆ.

ಪ್ರಶ್ನೆ: ಮೊಮ್ಮಗ ಹುಟ್ಟಿ 12 ದಿನ. ಎರಡೂ ಪಾದ ಒಳಕ್ಕೆ, ಮೇಲಕ್ಕೆ ತಿರುಚಿವೆ. ಗ್ರಹಣದ ದಿನ ಸೊಸೆ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತು ಎಂದು ಊರವರು ಅನ್ನುತ್ತಾರೆ. ಮಗುವಿಗೆ ವರ್ಷವಾಗಲಿ, ಆಮೇಲೆ ನೋಡೋಣ ಎಂದೂ ಹೇಳುತ್ತಾರೆ. – ಅಜ್ಜಿ, ಕಲಬುರಗಿ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಸೊಸೆಯದು ಯಾವ ತಪ್ಪೂ ಇಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಜಗತ್ತಿನ ಎಲ್ಲ ದೇಶಗಳಲ್ಲೂ ಹುಟ್ಟುವ 1,000 ಮಕ್ಕಳಲ್ಲಿ ಒಂದೆರಡಕ್ಕೆ ಹೀಗಿರುತ್ತದೆ, ಇದನ್ನು ಕ್ಲಬ್‌ಫುಟ್ ಎನ್ನುತ್ತಾರೆ. ಗಂಡುಮಕ್ಕಳಲ್ಲಿ ಹೆಚ್ಚು, ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದಗಳಲ್ಲಿ. ಬಾಣಂತಿಯ ಮನಸ್ಸಿಗೆ ನೋವಾಗುವ ಮಾತನ್ನು ಮನೆಯಲ್ಲಿ ಯಾರೂ ಆಡದಂತೆ ನೀವೇ ನೋಡಿಕೊಳ್ಳಬೇಕು. ಮುಂದಿನ ನಾಲ್ಕು ವರ್ಷ ಈ ಮಗುವಿನ ಚಿಕಿತ್ಸೆಯನ್ನು ಅವಳೇ ಹೊತ್ತು ನಡೆಸಬೇಕಾದವಳು.

ವರ್ಷದವರೆಗೆ ಕಾಯಬೇಡಿ, ಈ ವಾರವೇ ಹೋಗಿ. ಸ್ಪೇನಿನಲ್ಲಿ 1914ರಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ವೈದ್ಯ ಇಗ್ನಾಸಿಯೊ ಪಾನ್ಸೆಟಿ, ಎಳೆಮಗುವಿನ ಪಾದದ ಲಿಗಮೆಂಟುಗಳು ಮೃದುವಾಗಿರುವುದನ್ನೇ ಬಳಸಿಕೊಂಡು ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ ಇದನ್ನು ಗುಣಪಡಿಸುವ ಕ್ರಮವನ್ನು ರೂಪಿಸಿದರು. ವೈದ್ಯರು ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಮೆಲ್ಲಗೆ ತಿದ್ದಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್‌ಗಳಲ್ಲಿ ಪಾದ ಹೊರಕ್ಕೆ ತಿರುಗುತ್ತದೆ. ಬಹುಪಾಲು ಮಕ್ಕಳಿಗೆ ಆಮೇಲೆ ಹಿಮ್ಮಡಿಯ ಮೇಲಿನ ರಜ್ಜುವನ್ನು ಸೂಜಿಯಷ್ಟೇ ಸಣ್ಣ ಗಾಯದಲ್ಲಿ ಕತ್ತರಿಸಿ 3 ವಾರದ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಅಷ್ಟರಲ್ಲಿ ರಜ್ಜು ಬೇಕಾದಷ್ಟು ಉದ್ದವಾಗಿ ಕೂಡಿಕೊಂಡಿರುತ್ತದೆ.

ಕಷ್ಟದ ಭಾಗ ಇಲ್ಲಿಂದ ಶುರುವಾಗುತ್ತದೆ. ಒಂದು ಪಟ್ಟಿಗೆ ಜೋಡಿಸಿದ ಎರಡು ಬೂಟುಗಳನ್ನು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4 ವರ್ಷ ತುಂಬುವವರೆಗೆ ಮಲಗುವ ಹೊತ್ತಿನಲ್ಲಿ ಹಾಕಲೇಬೇಕು. ಪಾದ ನೇರವಾಗಿ ಕಾಣುತ್ತದೆ, ಮಗು ಅಳುತ್ತದೆ, ಅಜ್ಜಿಯ ಮನಸ್ಸು ಕರಗಿ ಬೂಟು ಬಿಚ್ಚುತ್ತದೆ, ಕೆಲವೇ ತಿಂಗಳಲ್ಲಿ ಪಾದ ಮತ್ತೆ ತಿರುಚುತ್ತದೆ. ಮರುಕಳಿಸುವುದಕ್ಕೆ ಅತಿ ದೊಡ್ಡ ಕಾರಣ ಇದೇ. ಮೊದಲ ಕೆಲವು ರಾತ್ರಿ ಅತ್ತು ಆಮೇಲೆ ಮಗು ಒಗ್ಗಿಕೊಳ್ಳುತ್ತದೆ. ಕಾಲಿನಲ್ಲಿ ಕೆಂಪು ಗುಳ್ಳೆ ಕಂಡರೆ ಬೂಟು ಬಿಚ್ಚಿಡುವ ಬದಲು ಅಳತೆ ಸರಿಪಡಿಸಲು ಆಸ್ಪತ್ರೆಗೆ ಒಯ್ಯಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯ ಚಿಕಿತ್ಸೆ ಸೇರಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡಿನೊಂದಿಗೆ ಜಿಲ್ಲಾ ಆಸ್ಪತ್ರೆಗೆ ಹೋಗಿ, ಪಾನ್ಸೆಟಿ ಪ್ಲಾಸ್ಟರ್ ಹಾಕುವ ದಿನ ಯಾವುದೆಂದು ಕೇಳಿ. ಮಗುವಿನ ಸೊಂಟದ ಕೀಲು ಮತ್ತು ಬೆನ್ನುಹುರಿಯನ್ನೂ ಅದೇ ದಿನ ಪರೀಕ್ಷಿಸಲು ಹೇಳಿ.

ಪ್ರಶ್ನೆ: 15 ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ವಾರದಿಂದ ಬಲಪಾದ ಮತ್ತು ಕಣಕಾಲು ಕೆಂಪಾಗಿ ಊದಿ ಬಿಸಿಯಾಗಿದೆ. ಹೆಚ್ಚು ನೋವಿಲ್ಲ, ಗಾಯವೂ ಇಲ್ಲ. ಸೋಂಕು ಎಂದು ಎರಡು ಬಾರಿ ಆ್ಯಂಟಿಬಯಾಟಿಕ್ ಕೊಟ್ಟರು, ಕಡಿಮೆಯಾಗಿಲ್ಲ. ಎಕ್ಸ್‌-ರೇ ಸರಿಯಾಗಿದೆ. ಅಂಗಡಿಗೆ ನಡೆದೇ ಹೋಗುತ್ತಿದ್ದೇನೆ. – ವ್ಯಾಪಾರಿ, ದಾವಣಗೆರೆ

ಉತ್ತರ: ನಡೆಯುವುದನ್ನು ನಿಲ್ಲಿಸಿ ಎಂದು ನಿಮಗೂ ಪತ್ರ ತಲುಪಿದ ದಿನವೇ ತಿಳಿಸಿದ್ದೇನೆ. ಇದು ಶಾರ್ಕೊ ಪಾದವಾಗಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯಿಂದ ನರಗಳು ಸ್ಪರ್ಶ ಮತ್ತು ನೋವಿನ ಅರಿವು ಕಳೆದುಕೊಂಡಾಗ, ಗಮನಕ್ಕೇ ಬಾರದ ಸಣ್ಣ ಉಳುಕಿನಿಂದಲೂ ಪಾದದ ಮೂಳೆಗಳಲ್ಲಿ ಉರಿಯೂತ ಶುರುವಾಗಿ ಅವು ಮೃದುವಾಗುತ್ತವೆ. ನೋವಿಲ್ಲವೆಂದು ನಡೆಯುತ್ತಾ ಹೋದರೆ ಅವು ಒಂದೊಂದಾಗಿ ಕುಸಿದು, ಪಾದದ ಕಮಾನು ಕೆಳಕ್ಕೆ ಉಬ್ಬಿ, ಅಲ್ಲಿ ಹುಣ್ಣಾಗಿ, ಕಾಲು ಕಳೆದುಕೊಳ್ಳುವ ಹಂತ ತಲುಪಬಹುದು. ಆರಂಭದಲ್ಲಿ ಎಕ್ಸ್‌-ರೇ ಸಹಜವಾಗಿಯೇ ಇರುತ್ತದೆ, ಎಂಆರ್‌ಐಯಲ್ಲಿ ಮಾತ್ರ ಬದಲಾವಣೆ ಕಾಣುತ್ತದೆ.

ಚರ್ಮದಲ್ಲಿ ಗಾಯವಿಲ್ಲದೆ, ಜ್ವರವಿಲ್ಲದೆ, ಇನ್ನೊಂದು ಪಾದಕ್ಕಿಂತ 2 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಇದ್ದು, ಕೆಲವು ನಿಮಿಷ ಕಾಲನ್ನು ಎತ್ತಿಟ್ಟಾಗ ಕೆಂಪು ಕಡಿಮೆಯಾದರೆ ಸೋಂಕಿಗಿಂತ ಇದರ ಸಾಧ್ಯತೆಯೇ ಹೆಚ್ಚು. ಮೂಳೆ ತಜ್ಞರು ಅಥವಾ ಮಧುಮೇಹ ಪಾದದ ಚಿಕಿತ್ಸಾಲಯದವರು ಪಾದಕ್ಕೆ ಸರಿಯಾಗಿ ಅಂಟುವ ವಿಶೇಷ ಪ್ಲಾಸ್ಟರ್ ಹಾಕುತ್ತಾರೆ. ಊತ ಇಳಿದಂತೆ ಅದು ಸಡಿಲವಾಗುವುದರಿಂದ ವಾರ ಎರಡು ವಾರಕ್ಕೊಮ್ಮೆ ಬದಲಿಸುತ್ತಾ, ಎರಡೂ ಪಾದಗಳ ಬಿಸಿ ಸಮನಾಗುವವರೆಗೆ, ಅಂದರೆ ಕನಿಷ್ಠ 3 ತಿಂಗಳು, ಹಲವರಲ್ಲಿ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಸಬೇಕಾಗುತ್ತದೆ. ಈ ಹಂತದಲ್ಲಿ ಹಿಡಿದರೆ ಪಾದದ ಆಕಾರ ಉಳಿಯುತ್ತದೆ. ಅಂಗಡಿಯನ್ನು ಆ ತಿಂಗಳುಗಳಲ್ಲಿ ಮನೆಯವರಿಗೆ ವಹಿಸಿ. ಮುಂದೆ ವೈದ್ಯರು ಸೂಚಿಸುವ ಅಗಲವಾದ, ಮೆತ್ತನೆಯ ಅಟ್ಟೆಯ ಪಾದರಕ್ಷೆಯನ್ನು ಮನೆಯೊಳಗೂ ಹಾಕಿಕೊಳ್ಳಿ, ದೇವಸ್ಥಾನದಲ್ಲಿ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯಬೇಡಿ, ರಾತ್ರಿ ಮಲಗುವ ಮೊದಲು ಎರಡೂ ಪಾದಗಳ ಬಿಸಿಯನ್ನು ಮನೆಯವರು ಕೈಯ ಹಿಂಬದಿಯಿಂದ ಮುಟ್ಟಿ ಹೋಲಿಸಿ ನೋಡಲಿ.